ಬಿಡುವಾಘೆಯ ದಿನ

ಪೂರ್ಣಗಿರಿಯ ರಾಜಧಾನಿಯಲ್ಲಿ ಸೂರ್ಯನಿಗಿಂತ ಮೊದಲು ಕುದುರೆಗಳು ಏಳುತ್ತಿದ್ದವು. ಕೋಟೆಯ ಮೂಡಣ ಬಾಗಿಲು ತೆರೆಯುವ ಹೊತ್ತಿಗೆ ಸೌಮ್ಯಾ ನದಿಯ ಸೋಪಾನಗಳ ಮೇಲೆ ಗೊರಸುಗಳ ಸದ್ದು ಮೊಳಗುತ್ತಿತ್ತು. ಆಗತಾನೇ ಮಿಂದ ಮೈಗಳಿಂದ ಹಬೆಯೇಳುತ್ತಿತ್ತು. ಹುರಳಿ ಬೇಯಿಸುವ ಹಂಡೆಗಳ ವಾಸನೆ ಬೀದಿಬೀದಿಗೂ ಹರಡಿ, ದೇವಾಲಯಕ್ಕೆ ಹೊರಟ ಸುವಾಸಿನಿಯರ ತಟ್ಟೆಯ ಮಲ್ಲಿಗೆಯ ಪರಿಮಳವನ್ನು ನಿರ್ದಾಕ್ಷಿಣ್ಯವಾಗಿ ಸೋಲಿಸುತ್ತಿತ್ತು. ಪಡುವಣ ಬಂದರಿನಲ್ಲಿ ಹಡಗಿನಿಂದಿಳಿದ ಅರಬ್ಬಿ ಕುದುರೆಗಳು ಘಟ್ಟವೇರಿ ಮೊದಲು ತಲಪುತ್ತಿದ್ದುದು ಈ ಊರಿಗೆ. ಆದ್ದರಿಂದ ಇಲ್ಲಿಯವರಿಗೆ ಕುದುರೆಯೆಂದರೆ ಹುಚ್ಚು. ಮಗ ಹುಟ್ಟಿದ ನಕ್ಷತ್ರವನ್ನು ಮರೆತರೂ ಮನೆಯ ಕುದುರೆಯ ಮೈಮೇಲಿನ ಸುಳಿಗಳನ್ನು ಮರೆಯದ ಜನ.

ಇಂಥ ಊರಿನಲ್ಲಿ, ಕೋಟೆಬಾಗಿಲುಗಳ ಬೀಗದ ಕೈಗೊಂಚಲು ಯಾರ ಸೊಂಟದಲ್ಲಿ ತೂಗುತ್ತಿತ್ತೋ ಆ ಮಹನೀಯನು ಆಷಾಢದ ಒಂದು ಮಧ್ಯಾಹ್ನ, ಆಸ್ಥಾನದ ಪಟ್ಟೆಯುಡುಪಿನಲ್ಲಿಯೇ, ತನ್ನ ಮನೆಯ ಲಾಯದ ಮುಂದಿನ ಕೆಸರಿನಲ್ಲಿ ಅಂಗಾತ ಬಿದ್ದಿದ್ದನು.

ಅವನ ಹೆಸರು ಬಮ್ಮರಸ, ದುರ್ಗದ ದಂಡನಾಯಕ. ಯುದ್ಧಗಳಲ್ಲಿ ಎದೆಗೆ ಗಾಯ ತಿಂದವನೇ ಹೊರತು ಬೆನ್ನಿಗೆ ತಿಂದವನಲ್ಲ. ಇಂದು ಬೆನ್ನಿಗೂ ಒಂದಾಯಿತು. ಕೊಟ್ಟದ್ದು ಅವನದೇ ಕುದುರೆ.

ಲಾಯದ ಆಳು ಚೌಡ ಪೊರಕೆ ಬಿಸುಟು ಓಡಿಬಂದ. "ಒಡೆಯರೇ, ಪೆಟ್ಟಾಯಿತೇ?"

"ಇಲ್ಲ. ಮೋಡ ನೋಡುತ್ತಿದ್ದೇನೆ," ಎಂದ ಬಮ್ಮರಸ, ಎದ್ದೇಳದೆ.

ಕುದುರೆಯು ಲಾಯದ ಮೂಲೆಗೆ ಸರಿದು, ಕಿವಿಗಳನ್ನು ಹಿಂದಕ್ಕೆ ಮಡಚಿ, ಕಣ್ಣಿನ ಬಿಳಿ ತೋರಿಸುತ್ತ ನಿಂತಿತ್ತು. ಹೊಂಗಂದು ಮೈ, ಹಣೆಯಲ್ಲೊಂದು ಬಿಳಿಯ ಬೊಟ್ಟು, ನೋಡಿದವರು ದೃಷ್ಟಿ ತೆಗೆಯಬೇಕು ಅಂಥ ಚೆಲುವು. ಅರಮನೆ ಅದಕ್ಕೆ ರಣವಿಜಯನೆಂದು ಹೆಸರಿಟ್ಟಿತ್ತು. ಆ ಹೆಸರಿಗೆ ಅದು ಈವರೆಗೆ ಒಮ್ಮೆಯೂ ಕಿವಿ ನಿಮಿರಿಸಿರಲಿಲ್ಲ.

ಬೇರೆ ಕುದುರೆಯಾಗಿದ್ದರೆ ಮಾರಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದು ಸಿಂಹಾಸನದಿಂದ ಬಂದ ಕುದುರೆ. ಪೂರ್ಣಗಿರಿಯ ಮೂಲಪುರುಷನು ರಣರಂಗದಲ್ಲಿ ಮೂರ್ಛೆಗೊಂಡು ಬಿದ್ದಾಗ, ಅವನ ಕುದುರೆಯು ಹಿಡಿಯುವವರಿಲ್ಲದಿದ್ದರೂ ಓಡಿಹೋಗದೆ ಬಳಿಯಲ್ಲೇ ಕಾವಲು ನಿಂತಿತ್ತಂತೆ. ಅಂದಿನಿಂದ ಆ ವಂಶದಲ್ಲೊಂದು ಪದ್ಧತಿ ನಡೆದುಬಂದಿತ್ತು. ಹೊಸ ಅರಸನಿಗೆ ಪಟ್ಟವಾದ ವರ್ಷ, ಯುಗಾದಿಯಂದು, ಕೋಟೆಯ ಬೀಗದ ಕೈ ಹಿಡಿದವನಿಗೆ ಸಿಂಹಾಸನವು ಹೊಸ ಕುದುರೆಯೊಂದನ್ನು ದಯಪಾಲಿಸುವುದು. ಅದಕ್ಕೆ ನೀರು ಮೇವುಗಳನ್ನು ಅವನು ತನ್ನ ಕೈಯಾರೆ ಕೊಡಬೇಕು. ವಿಜಯದಶಮಿಯಂದು ಬನ್ನಿಮಂಟಪದ ಬಯಲಿನಲ್ಲಿ ಅವನು ಕುದುರೆಯಿಂದಿಳಿದು, ವಾಘೆಯನ್ನು, ಅಂದರೆ ಲಗಾಮಿನ ಪಟ್ಟಿಯನ್ನು, ಅದರ ಕೊರಳ ಮೇಲೆ ಸಡಿಲವಾಗಿ ಬಿಟ್ಟು, ಸಿಂಹಾಸನದತ್ತ ನಡೆಯಬೇಕು. ಹಿಂದಿರುಗಿ ನೋಡಬಾರದು, ಕರೆಯಬಾರದು, ಕೈ ಚಾಚಿ ಮುಟ್ಟಬಾರದು. ಕುದುರೆ ತಾನಾಗಿ ಹಿಂಬಾಲಿಸಿದರೆ ಬೀಗದ ಕೈ ಅವನದೇ. ಇಲ್ಲವಾದರೆ, ಮೂಕಪ್ರಾಣಿಯೇ ನಂಬದವನನ್ನು ರಾಜ್ಯ ಹೇಗೆ ನಂಬೀತು ಎಂದು, ಸೇರಿದ ಸಭೆಯ ಮುಂದೆಯೇ ಕೈಗೊಂಚಲನ್ನು ಬಿಚ್ಚಿಸಿಕೊಳ್ಳುವರು. ಇದಕ್ಕೆ ಬಿಡುವಾಘೆಯೆಂದು ಹೆಸರು.

ಈ ವರ್ಷ ಪಟ್ಟವೇರಿದ ಅರಸನಿಗೆ ಇನ್ನೂ ಹಾಲುಹಲ್ಲು ಮೂಡುತ್ತಿದ್ದವು. ಅವನನ್ನು ತೊಡೆಯ ಮೇಲಿಟ್ಟುಕೊಂಡು ರಾಜ್ಯವಾಳುತ್ತಿದ್ದವಳು ವಿಧವೆಯಾದ ತಾಯಿ, ಮಹಾದೇವಿ ಜಕ್ಕಲೆ. ರಾಜ್ಯದ ಉಳಿದೆಲ್ಲ ಸೂತ್ರಗಳೂ ಮಹಾಪ್ರಧಾನ ಸಿಂಗಮಯ್ಯನ ಬೆರಳುಗಳಲ್ಲಿದ್ದವು. ಅವನ ಕೈಗೆಟುಕದೆ ಉಳಿದದ್ದು ಕೋಟೆಯ ಬೀಗದ ಕೈ ಒಂದೇ. ಬಮ್ಮರಸನು ಸೋತರೆ ಅದು ಉಪನಾಯಕ ಕಾಳಯ್ಯನಿಗೆ ಸಲ್ಲುವುದು. ಆ ಕಾಳಯ್ಯನು ಸಿಂಗಮಯ್ಯನ ಭಾವಮೈದುನ. ಈ ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಬಡಗಣ ಬೆಟ್ಟದ ಪಾಳೆಯಗಾರನ ಕಡೆಗೆ ಪ್ರಧಾನರ ಆಳುಗಳು ಹೋಗಿಬರುತ್ತಿರುವುದನ್ನು ಬಾಗಿಲ ಕಾವಲಿನವರು ಬಮ್ಮರಸನಿಗೆ ತಿಳಿಸಿದ್ದರು; ಆದರೆ ಕಾವಲಿನವರ ಪಿಸುಮಾತನ್ನು ಆಸ್ಥಾನದಲ್ಲಿ ಸಾಕ್ಷಿಯೆನ್ನಲಾದೀತೇ? ಬೀಗದ ಕೈ ಕಾಳಯ್ಯನ ಸೊಂಟಕ್ಕೆ ಹೋದ ಮರುದಿನವೇ ಬಡಗಣ ಬಾಗಿಲು ತಾನಾಗಿ ತೆರೆದುಕೊಳ್ಳುವುದು, ಆಮೇಲೆ ಆ ತಾಯಿಗೂ ಕೂಸಿಗೂ ದೇವರೇ ಗತಿ ಎಂಬುದು ಅವನಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿತ್ತು. ಅದೆಲ್ಲವನ್ನೂ ತಡೆಯಬೇಕಾದದ್ದು ಈಗ ಮೂಲೆಯಲ್ಲಿ ನಿಂತು ಹಲ್ಲು ತೋರಿಸುತ್ತಿದ್ದ ಈ ನಾಲ್ಕು ಕಾಲಿನ ಮಹಾಶಯ.

ಏನೇನು ಮಾಡಲಿಲ್ಲ ಬಮ್ಮರಸ! ಬೆಲ್ಲ ಕೊಟ್ಟ, ಬೆಲ್ಲವನ್ನು ಬಿಟ್ಟು ಬೆರಳನ್ನು ಕಚ್ಚಿತು. ನದೀತೀರದ ಎಳೆಗರಿಕೆ ತರಿಸಿದ. ಅವನು ಹಿಡಿದಿರುವಷ್ಟು ಹೊತ್ತೂ ಮೂಸದೆ, ಅತ್ತ ಹೋದೊಡನೆ ತಿಂದು ಮುಗಿಸಿತು. ಜೋಯಿಸರನ್ನು ಬರಮಾಡಿಕೊಂಡ; ಅವರು ಸುಳಿ ನೋಡಲೆಂದು ಹತ್ತಿರ ಹೋಗಿ, ಉತ್ತರೀಯವನ್ನು ಅದರ ಬಾಯಿಗೆ ಕಳೆದುಕೊಂಡು, ಹೆಸರಿನ ಮೊದಲಕ್ಷರ ಕೂಡಿಬಂದಿಲ್ಲವೆಂದು ದೂರದಿಂದಲೇ ನಿರ್ಣಯಿಸಿದರು. ಚೌಡನು ಉಪ್ಪು ಸಾಸಿವೆ ನಿವಾಳಿಸಿದ. ಕುದುರೆ ಒಮ್ಮೆ ಸೀನಿತು, ಅಷ್ಟೇ. ಆಸ್ಥಾನ ಮುಗಿದೊಡನೆ ಉಡುಪನ್ನೂ ಬದಲಿಸದೆ ನೇರವಾಗಿ ಲಾಯಕ್ಕೆ ಬಂದು, ಹೊತ್ತು ಮುಳುಗುವವರೆಗೆ ಅಲ್ಲಿಯೇ ಬೇರುಬಿಟ್ಟರೂ ಪ್ರಯೋಜನವಿಲ್ಲ.

ಅವನಿಗೆ ಮೈಯುರಿದದ್ದು ಇನ್ನೊಂದು ಕಾರಣಕ್ಕೆ. ಕುದುರೆಯು ಚೌಡನನ್ನು ಸಹಿಸುತ್ತಿತ್ತು. ಸಗಣಿ ಬಾಚುವ ಮುದುಕಿಯನ್ನು ಸಹಿಸುತ್ತಿತ್ತು. ಹಿತ್ತಲಿನಿಂದ ನುಗ್ಗಿ ಹುರಳಿ ಕದಿಯುವ ಮೇಕೆಯನ್ನಂತೂ ಮೂತಿಗೆ ಮೂತಿ ತಾಗಿಸಿ ಉಪಚರಿಸುತ್ತಿತ್ತು. ಬೇಡವಾದವನು ಒಡೆಯನೊಬ್ಬನೇ.

"ಆ ಮೇಕೆಗಿಂತ ಕಡೆಯಾದೆನೇ ನಾನು?" ಎಂದು ಅವನು ಊಟಕ್ಕೆ ಕುಳಿತಾಗ ಹೆಂಡತಿಯ ಮುಂದೆ ಹಲುಬಿದ.

ಮಾಳಬ್ಬೆ ತುಪ್ಪ ಬಡಿಸುತ್ತ, "ಮೇಕೆ ಕೂಗಾಡುವುದಿಲ್ಲ ನೋಡಿ," ಎಂದಳು.

ಶ್ರಾವಣ ಬಂತು. ಒಂದು ದಿನ ಆಸ್ಥಾನವು ಮುಗಿಯುವಾಗ ಸಿಂಗಮಯ್ಯನು ಎಂದಿನಂತೆ ಚಿನ್ನದ ಕರಂಡಕವನ್ನು ಹಿಡಿದು ಬಂದನು. ಸಿಂಹಾಸನದ ಪ್ರಸಾದವೆಂದು ಪುನುಗೆಂಬ ಸುಗಂಧದ್ರವ್ಯವನ್ನು ಹಿರಿಯ ಅಧಿಕಾರಿಗಳ ಕೊರಳಿಗೂ ಮಣಿಕಟ್ಟಿಗೂ ಹಚ್ಚುವುದು ಅಲ್ಲಿಯ ಗೌರವ. ಅದನ್ನು ಅಂದೇ ತೊಳೆದುಕೊಳ್ಳುವುದು ಸಿಂಹಾಸನಕ್ಕೆ ಅವಮರ್ಯಾದೆ. ಆ ಕರಂಡಕದ ಒಡೆತನ ಪ್ರಧಾನನದು. ಅವನು ಅತ್ತ ಕೈಸಾಲೆಯಲ್ಲಿ ತಿರುಗಿದರೆ ಇತ್ತ ಸಭಾಮಂಟಪಕ್ಕೆ ಸುದ್ದಿ ಮುಟ್ಟುತ್ತಿತ್ತು, ಅಷ್ಟು ಘಾಟು ಅವನ ಮೈಯದು.

"ದಂಡನಾಯಕರೇ," ಎಂದನು ಸಿಂಗಮಯ್ಯ, ಬಮ್ಮರಸನ ಕೊರಳಿಗೆ ಪುನುಗು ಹಚ್ಚುತ್ತ, ಎಲ್ಲರಿಗೂ ಕೇಳುವಂತೆ. "ರಣವಿಜಯನು ಕ್ಷೇಮವಷ್ಟೆ? ಹಡಗಿನಿಂದಿಳಿದ ಕುದುರೆಗಳಲ್ಲೆಲ್ಲ ಶ್ರೇಷ್ಠವಾದುದನ್ನು ಕುದುರೆಸೆಟ್ಟಿಗಳಿಂದ ನೇರವಾಗಿ ತಮಗೆಂದೇ ಕೊಡಿಸಿದ್ದೇನೆ. ತಮ್ಮಂಥವರ ಕೈಗೆ ಎಂದೋ ಪಳಗಿರಬೇಕು."

ಸಭೆಯಲ್ಲಿ ಅಲ್ಲಲ್ಲಿ ಕೆಮ್ಮು ಕೇಳಿಸಿತು. ಕೆಸರಿನ ಕತೆ ಊರಿಗೆಲ್ಲ ಗೊತ್ತಿತ್ತು. ಕಾಳಯ್ಯನು ಬಮ್ಮರಸನ ಸೊಂಟದ ಕೈಗೊಂಚಲನ್ನು, ಹಸಿದವನು ಪಂಕ್ತಿಯ ಕೊನೆಯಲ್ಲಿ ಕುಳಿತು ಹೋಳಿಗೆಯ ಬುಟ್ಟಿಯನ್ನು ನೋಡುವಂತೆ ನೋಡುತ್ತಿದ್ದ.

ಬಮ್ಮರಸನಿಗೆ ತಲೆಗೇರಿದ ಸಿಟ್ಟು ಮನೆ ಮುಟ್ಟಿದರೂ ಇಳಿಯಲಿಲ್ಲ. ಲಾಯದ ಗೂಟದಿಂದ ಚಾವಟಿಯನ್ನು ಎಳೆದು, ಎತ್ತಿ, ಕುದುರೆಯ ಮುಂದೆ ನಿಂತ.

ಕುದುರೆ ಒದೆಯಲಿಲ್ಲ, ಕಚ್ಚಲಿಲ್ಲ. ತಲೆ ತಗ್ಗಿಸಿತು. ಎರಡು ಕಣ್ಣುಗಳನ್ನೂ ಮುಚ್ಚಿತು. ಮೈಯ ಚರ್ಮವೆಲ್ಲ ಸಣ್ಣಗೆ ನಡುಗುತ್ತಿರಲು, ಬೀಳಲಿರುವ ಪೆಟ್ಟಿಗಾಗಿ ಕಾದು ನಿಂತಿತು.

ಆಹಾ, ಕಡೆಗೂ ದಾರಿ ಸಿಕ್ಕಿತು ಎಂದುಕೊಂಡ ಬಮ್ಮರಸ. ಜೀನು ಹಾಕಿಸಿ ಹತ್ತಿದ. ರಾಜಬೀದಿಯಲ್ಲಿ ರಣವಿಜಯನು ಎಳೆದತ್ತ ತಿರುಗಿದ, ತಡೆದಲ್ಲಿ ನಿಂತ. ಅಂಗಡಿಗಳವರು ಎದ್ದು ಕೈಮುಗಿದರು. ದಂಡನಾಯಕನ ಮೀಸೆ ಬಹುದಿನಗಳ ಮೇಲೆ ಮೇಲಕ್ಕೆ ತಿರುಗಿತು. ನದೀತೀರದಲ್ಲಿ ಇಳಿದು, ವಾಘೆಯನ್ನು ಕೊರಳ ಮೇಲೆ ಬಿಟ್ಟು, ಗಾಂಭೀರ್ಯದಿಂದ ಹೆಜ್ಜೆ ಹಾಕಿದ. ಹಿಂದೆ ಗೊರಸಿನ ಸದ್ದು ಕೇಳಿಸಿತು, ನಿಜ; ಆದರೆ ಅದು ಹತ್ತಿರವಾಗದೆ ದೂರವಾಗುತ್ತಿತ್ತು.

ಸಂಜೆಗೆ ಬೆಸ್ತರು ಅದನ್ನು ಹರಿವಿನ ಕೆಳಗಿನ ಜೊಂಡಿನಲ್ಲಿ ಹಿಡಿದು ತಂದರು. ಆಯಾಸದಿಂದ ಅದಕ್ಕೆ ಎದುರುಬೀಳುವ ಶಕ್ತಿಯಿರಲಿಲ್ಲ. ಕೆಸರು ಒರೆಸುತ್ತಿದ್ದ ಬಮ್ಮರಸನ ಅಂಗೈಗೆ ಹೊಟ್ಟೆಯ ಕೆಳಗೆ, ಜೀನಿನ ಪಟ್ಟಿ ಮುಚ್ಚುವ ಜಾಗದಲ್ಲಿ, ದಪ್ಪ ಗೆರೆಗಳು ತಾಗಿದವು. ಒಂದರ ಮೇಲೊಂದು, ಒಂದನ್ನೊಂದು ದಾಟಿ ಹೋದ ಗಾಯದ ಗೆರೆಗಳು. ಯಾರೋ ಪಾಪಿ ಇದನ್ನು ಬಹಳ ದಿನ, ಬಹಳ ತಾಳ್ಮೆಯಿಂದ, ಹೊರಗೆ ಕಾಣದಂತೆ ಬಡಿದಿದ್ದ. ಹಡಗಿನವರಿರಬೇಕು ಎಂದುಕೊಂಡ. ತಾನೂ ಇಂದು ಅದೇ ಕೈ ಎತ್ತಿದೆನಲ್ಲ ಎಂಬುದು ಆಮೇಲೆ ಹೊಳೆದು, ನಾಚಿಕೆಯಿಂದ ಅವನ ಮುಖ ಸುಟ್ಟುಹೋಯಿತು. ಚಾವಟಿಯನ್ನು ಮುರಿದು ಹುರಳಿಯ ಒಲೆಗೆ ಹಾಕಿದ. ಆದರೆ ನಾಚಿಕೆಪಟ್ಟ ಮಾತ್ರಕ್ಕೆ ಕುದುರೆ ಹತ್ತಿರ ಬಂದೀತೇ? ಮರುದಿನ ಆಸ್ಥಾನದಿಂದ ಬಂದಾಗ ಅದು ಮತ್ತೆ ಮೂಲೆಯಲ್ಲೇ ನಿಂತಿತ್ತು.

ಭಾದ್ರಪದದಲ್ಲಿ, ಬಡಗಣ ಬಾಗಿಲಿಗೆ ಕಾವಲು ಹೆಚ್ಚಿಸಬೇಕೆಂದು ಅವನು ಸಭೆಯಲ್ಲಿ ಬೇಡಿದ. ಅನಗತ್ಯವೆಂದು ಸಿಂಗಮಯ್ಯ ನಕ್ಕ. ಮಾತಿಗೆ ಮಾತು ಬೆಳೆದು ಬಮ್ಮರಸನು ಅಪ್ಪಣೆಗೂ ಕಾಯದೆ ಹೊರಟುಬಂದ; ಜ್ವರವೆಂದು ಹೇಳಿಕಳುಹಿಸಿ ಮನೆಯಲ್ಲೇ ಕುಳಿತ. ಮಾಡಲು ಕೆಲಸವಿಲ್ಲ. ಸೀಗೆಯಲ್ಲಿ ಮಿಂದು, ಹಳೆಯ ಪಂಚೆಯುಟ್ಟು, ಲಾಯಕ್ಕೆ ಹೋಗಿ, ಬುಟ್ಟಿಯೊಂದನ್ನು ಬೋರಲು ಹಾಕಿ, ಕುದುರೆಗೆ ಬೆನ್ನುಮಾಡಿ ಕುಳಿತ. ಅದರ ಮುಖ ನೋಡುವುದೇ ಬೇಡವಾಗಿತ್ತು ಅವನಿಗೆ.

"ನಿನಗೆ ನಾನು ಬೇಡ, ಸರಿ," ಎಂದು ಗೋಡೆಗೆ ಹೇಳಿದ. "ನನಗೂ ನೀನು ಬೇಡ. ಯಾರೋ ಬಡಿದರೆ ನಾನೇನು ಮಾಡಲಿ? ಎಷ್ಟು ಸಲ ತಪ್ಪೊಪ್ಪಿಕೊಳ್ಳಲಿ? ನಿನ್ನ ದೆಸೆಯಿಂದ ಒಂದು ಕೂಸು ಸಾಯುತ್ತದೆ, ಅಷ್ಟು ತಿಳಿದುಕೋ. ತಿಳಿದುಕೊಂಡು ಸುಖವಾಗಿ ಹುರಳಿ ತಿನ್ನು."

ಹೀಗೆಯೇ ಬಹಳ ಹೊತ್ತು ಗೊಣಗಿ, ಗೊಣಗಲೂ ಬೇಸರವಾಗಿ ಸುಮ್ಮನಾದ. ಕೊರಳಿಗೆ ಬೆಚ್ಚನೆಯ ಗಾಳಿ ತಾಗಿತು. ಉಸಿರು ಬಿಗಿಹಿಡಿದ. ರುಮಾಲಿನ ಚುಂಗನ್ನು ಯಾರೋ ಮೆಲ್ಲನೆ ಎಳೆದರು, ಬಿಟ್ಟರು, ಮತ್ತೆ ಎಳೆದರು. ಬಮ್ಮರಸನು ತಿರುಗಲಿಲ್ಲ. ರುಮಾಲು ಪೂರ್ತಿ ಬಿಚ್ಚಿ ಬಿದ್ದರೂ ತಿರುಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡದ್ದು ಗೋಡೆಗೆ ಮಾತ್ರ ಕಾಣಿಸಿತು.

ಜ್ವರವಿದ್ದಷ್ಟು ದಿನವೂ ಅವನು ಸುಖಿ. ಕುದುರೆ ಅವನ ಅಂಗೈಯಿಂದ ಹುರಳಿ ತಿಂದಿತು, ಅಂಗಳದಲ್ಲಿ ಹಿಂದೆ ಹಿಂದೆ ನಡೆಯಿತು, ಮೇಕೆ ಬಂದರೆ ಮುನಿಸಿಕೊಂಡಿತು. ಅರಮನೆಯಿಂದ ಕರೆ ಬಂದಾಗ ಅವನು ಮೀಸೆ ತೀಡಿಕೊಂಡು ಆಸ್ಥಾನಕ್ಕೆ ಹೋಗಿಬಂದ. ಬಂದವನೇ ಲಾಯದ ಬಾಗಿಲಿನಲ್ಲಿ, "ಎಲ್ಲಿ ನನ್ನಪ್ಪ?" ಎಂದ. ಅವನಪ್ಪನು ಚೀರಿ, ಹಿಂದಕ್ಕೆ ಹಾರಿ, ಗೋದಲಿಯನ್ನು ಒದ್ದು ಮುರಿದನು.

ಇದನ್ನು ಮಾತ್ರ ಬಮ್ಮರಸನಿಂದ ತಡೆಯಲಾಗಲಿಲ್ಲ. ಕೊಡದೆ ಇದ್ದಿದ್ದರೆ ಒಂದು. ಕೊಟ್ಟು ಕಸಿದುಕೊಂಡರೆ ಹೇಗೆ? ಊಟದ ಮುಂದೆ ಕುಳಿತು ಕುದುರೆಯ ಕುಲವನ್ನೆಲ್ಲ ಜಾಲಾಡಿದ. ಮಾಳಬ್ಬೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಸ್ವಲ್ಪ ಅತ್ತ ಸರಿದು ಕುಳಿತುಕೊಳ್ಳಿ. ಇಷ್ಟು ದಿನ ಮನುಷ್ಯರ ಹಾಗಿದ್ದಿರಿ. ಇವತ್ತು ಮತ್ತೆ ಆ ಪುನುಗು ಬಳಿಸಿಕೊಂಡು ಬಂದಿದ್ದೀರಿ. ನನಗೇ ತಲೆನೋವು."

ಬಾಯಿಗೆ ಹೊರಟಿದ್ದ ತುತ್ತು ನಡುದಾರಿಯಲ್ಲೇ ನಿಂತಿತು. ಮರುಕ್ಷಣ ಅವನು ಎಲೆಯನ್ನು ದಾಟಿ, ಸೀಗೆಯ ಬಟ್ಟಲನ್ನು ಕಸಿದು ನದಿಗೆ ಓಡಿದ್ದ. ಚರ್ಮ ಕೆಂಪಾಗುವಂತೆ ಕೊರಳನ್ನೂ ಕೈಗಳನ್ನೂ ಉಜ್ಜಿ, ತೊಯ್ದ ಪಂಚೆಯಲ್ಲೇ ಲಾಯಕ್ಕೆ ಬಂದು ಬುಟ್ಟಿಯ ಮೇಲೆ ಬೆನ್ನುಮಾಡಿ ಕುಳಿತ. ಕುದುರೆ ಬಹಳ ಹೊತ್ತು ಅನುಮಾನಿಸಿತು. ಆಮೇಲೆ ಬಂದು ತೊಯ್ದ ಭುಜವನ್ನು ಮೂಸಿತು.

ಸಂತೋಷದ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹಡಗಿನವರು ಪುನುಗು ಹಚ್ಚಿಕೊಳ್ಳುವುದುಂಟೇ? ಚಾವಟಿ ಹಿಡಿದ ಕೈಗೆ ಹಗಲಿರುಳೂ ಈ ವಾಸನೆ ಅಂಟಿರಬೇಕು. ರಾಜ್ಯದಲ್ಲಿ ಅಂಥ ಕೈ ಯಾರದು ಎಂದು ಕೇಳಿಕೊಂಡಾಗ ಉತ್ತರ ಒಂದೇ. ಕುದುರೆಯು ಹಡಗಿನಿಂದ ನೇರವಾಗಿ ಬಂದಿರಲಿಲ್ಲ. ಪ್ರಧಾನನ ಮನೆಯ ಹಿತ್ತಲಿನಲ್ಲಿ ಚೆನ್ನಾಗಿ ಕೆಡಿಸಿದ ಮೇಲೆ ಬಂದಿತ್ತು. ತಿಳಿದದ್ದನ್ನು ಯಾರ ಮುಂದೆ ಹೇಳುವುದು? ಸಾಕ್ಷಿಗೆ ಇದ್ದದ್ದು ಕುದುರೆ. ಬಮ್ಮರಸ ಹಲ್ಲು ಕಚ್ಚಿ ಸುಮ್ಮನಿದ್ದ, ದಿನವೂ ಆಸ್ಥಾನದಿಂದ ಬರುವ ದಾರಿಯಲ್ಲಿ ನದಿಗಿಳಿದು ಮೈ ತೊಳೆಯತೊಡಗಿದ.

ಅದೂ ನಡೆಯಲಿಲ್ಲ. ಸಿಂಗಮಯ್ಯನ ಕಣ್ಣುಗಳು ನದೀತೀರದಲ್ಲೂ ಇದ್ದವು. ನವರಾತ್ರಿ ಸಮೀಪಿಸುತ್ತಿರಲು ತುಂಬಿದ ಸಭೆಯಲ್ಲಿ ಪ್ರಧಾನನೆದ್ದು, ಸಿಂಹಾಸನದ ಪ್ರಸಾದವನ್ನು ದಂಡನಾಯಕರು ದಿನವೂ ಹೊಳೆಯ ಪಾಲು ಮಾಡುತ್ತಿದ್ದಾರೆಂದು ವಿಷಾದದ ಧ್ವನಿಯಲ್ಲಿ ಅರುಹಿದನು.

ಮಹಾದೇವಿಯು ಮಗುವನ್ನು ದಾದಿಯ ಕೈಗಿತ್ತು ಮುಂದೆ ಬಾಗಿದಳು. "ಬಮ್ಮರಸರೇ, ಇದು ನಿಜವೇ?"

"ನಿಜ, ಮಹಾದೇವಿ. ಆ ವಾಸನೆಗೆ ನನ್ನ ಕುದುರೆ ಬೆದರುತ್ತದೆ."

ಸಭೆ ಗೊಳ್ಳೆಂದು ನಕ್ಕಿತು. ರಣರಂಗದಲ್ಲಿ ಬಾಣಗಳನ್ನು ನುಂಗಿದವನಿಗೆ ಆ ನಗೆಯನ್ನು ನುಂಗಲಾಗಲಿಲ್ಲ, ಕಿವಿಗಳು ಕೆಂಪೇರಿದವು. ಮಹಾದೇವಿ ನಗಲಿಲ್ಲ. ಅವಳ ಕಣ್ಣುಗಳಲ್ಲಿದ್ದುದು ಕಳವಳ. ಈ ಒರಟನೊಬ್ಬನನ್ನು ಬಿಟ್ಟರೆ ತನ್ನ ಮಗುವಿಗೆ ಕಾವಲಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಹಾಗಿದ್ದರೆ ಪರೀಕ್ಷೆ ಸುಲಭವಾಯಿತು," ಎಂದನು ಸಿಂಗಮಯ್ಯ ಕೈಮುಗಿದು. "ಬಿಡುವಾಘೆಯ ದಿನ ಸಿಂಹಾಸನದ ಪ್ರಸಾದವನ್ನು ನಾನೇ ದಂಡನಾಯಕರಿಗೆ ಹಚ್ಚುತ್ತೇನೆ. ಕುದುರೆ ಹಿಂಬಾಲಿಸಿದರೆ ಇಂದಿನ ಮಾತು ಸುಳ್ಳು. ಹಿಂಬಾಲಿಸದಿದ್ದರೆ ನಿಷ್ಠೆ ಸುಳ್ಳು. ಯಾವುದೆಂದು ಸಭೆಯೇ ನೋಡಲಿ."

ಉಳಿದ ದಿನಗಳಲ್ಲಿ ಬಮ್ಮರಸನು ಪಟ್ಟ ಪಾಡು ದೇವರಿಗೇ ಪ್ರೀತಿ. ಮಣಿಕಟ್ಟಿಗೆ ಸಾಸಿವೆಯಷ್ಟು ಪುನುಗು ಹಚ್ಚಿಕೊಂಡು ಬುಟ್ಟಿಯ ಮೇಲೆ ಕುಳಿತ. ಕುದುರೆ ಮೂಲೆ ಹಿಡಿಯಿತು. ತೊಳೆದು ಬಂದ, ಕುದುರೆ ಬಂತು. ಮತ್ತೆ ಹಚ್ಚಿದ, ಮತ್ತೆ ಮೂಲೆ. ಸಿಟ್ಟಿನಿಂದ ಬುಟ್ಟಿಯನ್ನು ಒದೆಯಬೇಕೆನಿಸಿದಾಗಲೆಲ್ಲ ಹೊರಗೆ ಹೋಗಿ ಬೇವಿನ ಮರವನ್ನು ಗುದ್ದಿ ಬಂದು ಕುಳಿತ. ಮಹಾನವಮಿಯ ಸಂಜೆಗೆ, ಪುನುಗಿನ ವಾಸನೆಯಿದ್ದರೂ ಕುದುರೆ ಮೂಲೆಗೆ ಓಡದೆ ನಡುಲಾಯದಲ್ಲಿ ನಿಂತು ಅವನ ಬೆನ್ನನ್ನು ನೋಡುವಷ್ಟಾಗಿತ್ತು. ಹತ್ತಿರ ಒಮ್ಮೆಯೂ ಬರಲಿಲ್ಲ.

ವಿಜಯದಶಮಿಯಂದು ಬನ್ನಿಮಂಟಪದ ಬಯಲಿನಲ್ಲಿ ಎಳ್ಳು ಬಿದ್ದರೆ ನೆಲ ಸಿಗದಷ್ಟು ಜನ. ಮೀಸಲು ದಾರಿಯ ಆ ತುದಿಯಲ್ಲಿ ಸಿಂಹಾಸನ, ಮಹಾದೇವಿಯ ತೊಡೆಯ ಮೇಲೆ ಕಿರೀಟದ ಭಾರಕ್ಕೆ ಅಳುವ ಅರಸ. ಈ ತುದಿಯಲ್ಲಿ ಬಮ್ಮರಸನು ಕುದುರೆಯಿಂದಿಳಿದು, ವಾಘೆಯನ್ನು ಅದರ ಕೊರಳ ಮೇಲೆ ಬಿಟ್ಟು, ಹತ್ತು ಮಾರು ಮುಂದೆ ಕರಂಡಕ ಹಿಡಿದು ನಿಂತಿದ್ದ ಸಿಂಗಮಯ್ಯನ ಬಳಿಗೆ ನಡೆದ. ಪ್ರಧಾನನು ಜಿಪುಣತನ ಮಾಡಲಿಲ್ಲ. ಕೊರಳು, ಕಿವಿಯ ಹಿಂಭಾಗ, ಎದೆ, ಎರಡು ಕೈ, ಎಲ್ಲೆಡೆಯೂ ಬೊಗಸೆಬೊಗಸೆಯಾಗಿ ಬಳಿದನು.

"ಇನ್ನು ನಡೆಯಿರಿ, ದಂಡನಾಯಕರೇ," ಎಂದು ನಕ್ಕು, ತಾನು ಮುಂದೆ ಹೋಗಿ ಸಿಂಹಾಸನದ ಮಗ್ಗುಲಿಗೆ ನಿಂತನು.

ಬಮ್ಮರಸ ನಡೆದ. ಹಿಂದೆ ಸದ್ದಿಲ್ಲ. ಇನ್ನಷ್ಟು ನಡೆದ. ಸದ್ದಿಲ್ಲ. ಜನರಲ್ಲಿ ಗುಜುಗುಜು ಎದ್ದಿತು. ತಿರುಗಿ ನೋಡಬೇಕು, ಕೂಗಬೇಕು, ಆ ಕಿವಿ ಹಿಡಿದು ಎಳೆದು ತರಬೇಕು ಎಂದು ಮೈಯೆಲ್ಲ ಉರಿಯಿತು. ಇಷ್ಟು ತಿಂಗಳು ಬೇಡಿ, ಗದರಿಸಿ, ಅತ್ತು ಕೂಡಿಟ್ಟದ್ದೆಲ್ಲ ಒಂದು ಬೊಗಸೆ ಪುನುಗಿನಲ್ಲಿ ಹೋಯಿತೇ? ಸಿಂಹಾಸನದ ಮೇಲಿನ ಕೂಸು ಯಾವುದನ್ನೂ ಅರಿಯದೆ ಬೆರಳು ಚೀಪುತ್ತಿತ್ತು. ಬಮ್ಮರಸನಿಗೆ ಇನ್ನೇನೂ ತೋಚಲಿಲ್ಲ. ತನಗೂ ಆ ಪ್ರಾಣಿಗೂ ನಡುವೆ ಗೊತ್ತಿದ್ದದ್ದು ಒಂದೇ ಒಂದು, ಅದನ್ನೇ ಮಾಡಿದ.

ಪಟ್ಟೆಯುಡುಪಿನಲ್ಲಿ, ದಾರಿಯ ನಡುವೆ, ಧೂಳಿನಲ್ಲಿ ಕುಳಿತುಬಿಟ್ಟ.

"ಸಿಂಹಾಸನದ ಮುಂದೆ ಅಪ್ಪಣೆಯಿಲ್ಲದೆ ಆಸನವೇ!" ಎಂದು ಯಾರೋ ಚೀರಿದರು. ನಗು, ಧಿಕ್ಕಾರ, ಸೀಟಿ. ಬಮ್ಮರಸನು ತಲೆ ತಗ್ಗಿಸಿ, ಮೊಣಕಾಲುಗಳ ಮೇಲೆ ಕೈಯಿಟ್ಟು, ಗೋಡೆಯ ಮುಂದೆ ಕುಳಿತವನಂತೆ ಕುಳಿತ. ಮಾನವಂತನಿಗೆ ಅದಕ್ಕಿಂತ ಹೀನವಾದ ಗಳಿಗೆ ಬೇರಿಲ್ಲ. ನೆರಳು ಸರಿಯುವಷ್ಟು ಹೊತ್ತು ಅದು ಮುಗಿಯಲೂ ಇಲ್ಲ.

ಗೊರಸೊಂದು ನೆಲಕ್ಕೆ ತಾಗಿತು. ನಿಂತಿತು. ಮತ್ತೊಂದು. ನಗು ಒಂದು ಕಡೆಯಿಂದ ಆರುತ್ತ ಬಂತು. ಬೆಚ್ಚನೆಯ ಉಸಿರು ಪುನುಗು ಬಳಿದ ಕೊರಳಿಗೆ ತಾಗಿ, ಥಟ್ಟನೆ ಹಿಂದೆಗೆದು, ಮತ್ತೆ ತಾಗಿತು. ಕುದುರೆ ನಡುಗುತ್ತಿತ್ತು, ಆ ನಡುಕ ಅವನ ಬೆನ್ನಿಗೆ ತಿಳಿಯುತ್ತಿತ್ತು. ನಡುಗುತ್ತಲೇ ಅದು ತನ್ನ ಗದ್ದವನ್ನು ಅವನ ಭುಜದ ಮೇಲಿಟ್ಟಿತು.

ಬಮ್ಮರಸನು ಮೆಲ್ಲನೆ ಎದ್ದು ನಡೆದ. ಹೆಜ್ಜೆಗೆ ಹೆಜ್ಜೆ ಗೊರಸಿನ ಸದ್ದು ಹಿಂದೆಯೇ ಬಂತು. ಬಯ್ಯುತ್ತಿದ್ದ ಜನ ಈಗ ಒಬ್ಬರ ಮೇಲೊಬ್ಬರು ಬಿದ್ದು ಜಯಕಾರ ಹಾಕುತ್ತಿದ್ದರು.

ಆದರೆ ಸಿಂಗಮಯ್ಯನು ಸೋಲೊಪ್ಪುವವನಲ್ಲ. "ಮಹಾದೇವಿಯವರು ಗಮನಿಸಬೇಕು," ಎಂದನು. "ಕುದುರೆಗೆ ಪುನುಗು ಆಗದೆಂದದ್ದು ಶುದ್ಧ ಸುಳ್ಳು. ಸಿಂಹಾಸನಕ್ಕೆ ಸುಳ್ಳಾಡಿದವನ ಕೈಯಲ್ಲಿ ಬೀಗದ ಕೈ ಇರಬಹುದೇ?"

ಆ ಧ್ವನಿಗೆ ಕುದುರೆ ಥಟ್ಟನೆ ನಿಂತು, ಬಮ್ಮರಸನ ಬೆನ್ನ ಮರೆಗೆ ತಲೆ ತೂರಿಸಿತು. ಮಹಾದೇವಿ ಅದನ್ನು ನೋಡಿದಳು. ಕ್ಷಣಕಾಲ ಯೋಚಿಸಿ ನುಡಿದಳು:

"ಪ್ರಧಾನರೇ, ಈ ಕುದುರೆಯನ್ನು ನೀವೇ ಆರಿಸಿ ಕೊಟ್ಟಿರಿ. ಅದರ ವಾಘೆ ಹಿಡಿದು ಅರಸರ ಬಳಿಗೆ ಕರೆತನ್ನಿ. ಮಗು ಮುಟ್ಟಿ ನೋಡಲಿ."

ಸಿಂಗಮಯ್ಯ ಹಿಂಜರಿದ. ಸಭೆ ಕಾದಿತ್ತು. ಅಧಿಕಾರದ ಬೆತ್ತವನ್ನು ಕಂಕುಳಲ್ಲಿರಿಸಿ ಮುಂದೆ ಬಂದು ವಾಘೆಗೆ ಕೈಹಾಕಿದ. ಕುದುರೆ ಒಮ್ಮೆಲೇ ತಲೆಯನ್ನು ಕೊಸರಿತು. ಅಷ್ಟು ಸಾಕಾಯಿತು, ರೂಢಿಯ ಕೈ ಯೋಚಿಸಲಿಲ್ಲ. ಬೆತ್ತ ಮೇಲೆದ್ದಿತು.

ಕುದುರೆ ಒದೆಯಲಿಲ್ಲ, ಕಚ್ಚಲಿಲ್ಲ. ತಲೆ ತಗ್ಗಿಸಿತು, ಕಣ್ಣುಗಳನ್ನು ಮುಚ್ಚಿತು, ಮೈಯೆಲ್ಲ ನಡುಗಿಸುತ್ತ ಪೆಟ್ಟಿಗಾಗಿ ಕಾದು ನಿಂತಿತು.

ಕುದುರೆಯ ಸುಳಿಗಳನ್ನು ಮರೆಯದ ಜನಕ್ಕೆ ಆ ನಿಲುವಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಮ್ಮರಸನು ಬೆತ್ತಕ್ಕೂ ಕುದುರೆಗೂ ನಡುವೆ ಬಂದು ನಿಂತ.

"ಹಡಗಿನಿಂದ ನೇರವಾಗಿ ದಂಡನಾಯಕರ ಲಾಯಕ್ಕೆ ಬಂದ ಕುದುರೆ," ಎಂದಳು ಮಹಾದೇವಿ, ಒಂದೊಂದು ಮಾತನ್ನೂ ತೂಗಿ. "ಅದಕ್ಕೆ ನಿಮ್ಮ ಕೈಯ ಪರಿಚಯ ಹೇಗಾಯಿತು, ಪ್ರಧಾನರೇ? ಕೋಟೆಯ ಬೀಗದ ಕೈ ಯಾರ ಬಳಿಯಿರಬಾರದೆಂದು ಇದನ್ನು ಬಡಿದು ಕಳುಹಿಸಿದಿರಿ?"

ಸಿಂಗಮಯ್ಯನು ಎತ್ತಿದ್ದ ಬೆತ್ತವನ್ನು ಬೆನ್ನ ಹಿಂದಕ್ಕೆ ಸರಿಸಿದನು. ಹಿಂದಿನ ಸಾಲಿನಿಂದ ಮೆಲ್ಲನೆ ಜಾರುತ್ತಿದ್ದ ಕಾಳಯ್ಯನನ್ನು ಜನರೇ ಹಿಡಿದು ತಂದು ನಿಲ್ಲಿಸಿದರು. ಪೆಟ್ಟು ಬೀಳುವ ಮೊದಲೇ ಬಡಗಣ ಬೆಟ್ಟದ ಪಾಳೆಯಗಾರನ ಹೆಸರು ಅವನ ಬಾಯಿಂದ ಹೊರಬಿತ್ತು. ಭಾವನ ಹೆಸರಂತೂ ಅದಕ್ಕೂ ಮೊದಲೇ. ಚಿನ್ನದ ಕರಂಡಕವನ್ನು ಪ್ರಧಾನನ ಕೈಯಿಂದ ಕಾವಲಿನವನೊಬ್ಬ ತೆಗೆದುಕೊಂಡ.

ಮಹಾದೇವಿ ತಾನೇ ಎದ್ದುನಿಂತು ಬಮ್ಮರಸನತ್ತ ನೋಡಿದಳು. "ಬೀಗದ ಕೈ ಇದ್ದಲ್ಲೇ ಇರಲಿ. ನಿಮ್ಮನ್ನು ನೋಡಿ ನಗುವವರನ್ನು ಅಂದು ನಾನು ತಡೆಯಲಿಲ್ಲ. ಅದು ನನ್ನ ತಪ್ಪು. ಇಂದು ಸಿಂಹಾಸನದ ಪ್ರಸಾದವನ್ನು ನನ್ನ ಕೈಯಿಂದಲೇ ನಿಮಗೆ ಹಚ್ಚಬೇಕೆಂದಿದ್ದೇನೆ."

ದಂಡನಾಯಕನು ನೆಲಕ್ಕೆ ಬಾಗಿ ಕೈಮುಗಿದ. "ಮಹಾದೇವಿಯವರು ಕ್ಷಮಿಸಬೇಕು. ಪ್ರಾಣ ಕೇಳಿ, ಕೊಡುತ್ತೇನೆ. ಪುನುಗು ಮಾತ್ರ ಬೇಡ."

ಈ ಸಲ ಮಹಾದೇವಿಯೂ ನಕ್ಕಳು.

ಇಳಿಹೊತ್ತಿನಲ್ಲಿ, ಬಡಗಣ ಬಾಗಿಲಿಗೆ ಇಮ್ಮಡಿ ಕಾವಲಿರಿಸಿ, ಅವನು ಸೌಮ್ಯಾ ನದಿಯ ದಡಕ್ಕೆ ಬಂದ. ವಾಘೆ ಕೊರಳ ಮೇಲೆಯೇ ಇತ್ತು. ಹಿಡಿದು ತರುವ ಅಗತ್ಯವಿರಲಿಲ್ಲ. ಮೈ ತೊಳೆಯಲು ನೀರಿಗಿಳಿಯಬೇಕೆಂದು ಮೆಟ್ಟಿಲಿನ ಮೇಲೆ ಕುಳಿತು ರುಮಾಲು ಬಿಚ್ಚುತ್ತಿರುವಾಗ, ಕುದುರೆ ಅವನ ಹಿಂದೆ ನಿಂತು, ಇನ್ನೂ ಪುನುಗು ನಾರುತ್ತಿದ್ದ ಅದೇ ಭುಜದ ಮೇಲೆ ಗದ್ದವನ್ನು ಊರಿತು. ಈಗ ಅದು ನಡುಗುತ್ತಿರಲಿಲ್ಲ. ಬಮ್ಮರಸ ನೀರಿಗಿಳಿಯುವುದನ್ನು ಮುಂದಕ್ಕೆ ಹಾಕಿ, ಕತ್ತಲಾಗುವವರೆಗೂ ಹಾಗೆಯೇ ಅಲುಗದೆ ಕುಳಿತಿದ್ದ.